ಸಹಾಯ ಬೇಕು: ಬೀಟೆಯಲ್ಲಿ ಫ್ರೆಟ್ ಸೀಳು ಕೊರೆಯುವಾಗ ಬಿಟ್ ಮುರಿಯುತ್ತಿದೆ

ನಮಸ್ಕಾರ, ನಾನು ಸೋಮವಾರಪೇಟೆ ಕಡೆಯವನು. ಅಕೌಸ್ಟಿಕ್ ಗಿಟಾರ್ ಒಂದನ್ನು ಕೈಯಾರೆ ಕಟ್ಟುತ್ತಿದ್ದೇನೆ. ಕತ್ತು ಮತ್ತು ಫ್ರೆಟ್‌ಬೋರ್ಡ್ (ಕತ್ತಿನ ಮೇಲಿನ ಬೆರಳೊತ್ತುವ ಹಲಗೆ; ಇದರ ಸೀಳುಗಳಲ್ಲಿ ಫ್ರೆಟ್ ಎಂಬ ಲೋಹದ ಪಟ್ಟಿಗಳು ಕೂರುತ್ತವೆ) ಮಾತ್ರ ಕುಶಾಲನಗರದ ಮರಗೆಲಸದ ಅಂಗಡಿಯೊಂದರ ಸಿಎನ್‌ಸಿ ಯಂತ್ರದಲ್ಲಿ, ಅಂದರೆ ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರದಲ್ಲಿ. ದೇವರಕೋಣೆಯ ಬಾಗಿಲಿಗೆ ಬಳ್ಳಿ ಕೊರೆಯುವ ಯಂತ್ರವದು. ಗಿಟಾರ್ ಎಂದರೆ ಅಲ್ಲಿನವರಿಗೂ ಕುತೂಹಲ.

ಫ್ರೆಟ್‌ಬೋರ್ಡಿಗೆ ಮನೆಯ ಹಳೆಯ ಮಂಚದ ಬೀಟೆ ಹಲಗೆ ಇದೆ. ತಂತಿಯ ಉದ್ದ 648 ಮಿ.ಮೀ.; ಮೊದಲ ಫ್ರೆಟ್ 36.37ಕ್ಕೆ, ಹನ್ನೆರಡನೆಯದು ಸರಿಯಾಗಿ 324ಕ್ಕೆ. ಲೆಕ್ಕದಲ್ಲಿ ತಕರಾರಿಲ್ಲ, ತೊಡಕು ಸೀಳಿನದು. ಬೀಟೆಯ ಗಟ್ಟಿ ಗೆರೆ ಸಿಕ್ಕ ಕೂಡಲೇ 0.6 ಮಿ.ಮೀ. ಬಿಟ್ (ಯಂತ್ರದ ಕೊರೆಯುವ ಮೊನೆ) ಟಕ್ಕೆಂದು ಮುರಿಯುತ್ತದೆ. ಮುರಿದ ತುದಿ ಒಳಗೇ ಕೂರುತ್ತದೆ, ಸೂಜಿಯಿಂದ ಕೆದಕಿ ತೆಗೆಯಬೇಕು. ಒಂದು ಸಲಕ್ಕೆ 0.2 ಮಿ.ಮೀ. ಆಳ ಇಳಿಸುತ್ತಿದ್ದೇವೆ, ನಿಮಿಷಕ್ಕೆ 18,000 ಸುತ್ತು. ಆಳವನ್ನು ಇನ್ನೂ ತಗ್ಗಿಸಬೇಕೇ, ಬಿಟ್ ಮುಂದೆ ಸಾಗುವ ವೇಗವನ್ನೇ ಇಳಿಸಬೇಕೇ? ಅಥವಾ ಯಂತ್ರದಲ್ಲಿ ಗುರುತು ಮಾತ್ರ ಹಾಕಿಸಿ, ಸೀಳನ್ನು ಕೈಗರಗಸದಲ್ಲಿ ಕೊಯ್ಯುವುದು ಲೇಸೇ?

ಇನ್ನೊಂದು ವಿಷಯ. ಗಿಟಾರಿನ ಹಿಂಬದಿಗೆ ತೋಟದ ಸಿಲ್ವರ್ ಓಕ್. ಈ ಮಳೆಯಲ್ಲಿ ಅದರ ತೇವಾಂಶ ಶೇ. 16ರಿಂದ ಕೆಳಗಿಳಿಯುತ್ತಿಲ್ಲ, ನನಗೆ 8ರ ಆಸುಪಾಸು ಬೇಕು. ಒಲೆಯ ಮೇಲಿನ ಅಟ್ಟದಲ್ಲಿಡು ಎನ್ನುವವರಿದ್ದಾರೆ, ಆದರೆ ಅಷ್ಟು ತೆಳು ಹಲಗೆ ಹಪ್ಪಳದಂತೆ ಸೊಟ್ಟಗಾದೀತು. ಹುಣಸೂರು, ಮೈಸೂರು ಕಡೆ ನಾಲ್ಕಾರು ಹಲಗೆಯನ್ನಾದರೂ ಒಣಗಿಸಿ ಕೊಡುವವರಿದ್ದರೆ ದಯವಿಟ್ಟು ತಿಳಿಸಿ.