ಸಹಾಯ ಬೇಕು: ವಿಜಯಪುರದ ಹಳೆಯ ತಾಪಮಾನದ ಅಂಕಿಗಳು

ಎಲ್ಲರಿಗೂ ನಮಸ್ಕಾರ. ವಿಜಯಪುರದ ಹತ್ತಿರದ ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಭೂಮಿಯ ವರ್ಷವಾರು ತಾಪಮಾನದ ದೊಡ್ಡ ಗೋಡೆ ಚಾರ್ಟ್ ಮಾಡುತ್ತಿದ್ದೇವೆ. 1880ರಿಂದ ಈಚಿನ ನಾಸಾ ಅಂಕಿಗಳು ಸಿಕ್ಕಿವೆ.

ಒಂದು ಕಡೆ ಮಕ್ಕಳು ಗೊಂದಲಕ್ಕೆ ಬಿದ್ದಿದ್ದಾರೆ. 2024 ಅತಿ ಬಿಸಿಯ ವರ್ಷ ಎಂದು ಎಲ್ಲರೂ ಹೇಳುತ್ತಾರೆ. ಆದರೆ ನಾಸಾ 1.28 ಡಿಗ್ರಿ ಜಾಸ್ತಿ ಎನ್ನುತ್ತದೆ, ವಿಶ್ವ ಹವಾಮಾನ ಸಂಸ್ಥೆ ಸುಮಾರು 1.55 ಎನ್ನುತ್ತದೆ. ನಾಸಾ ಹೋಲಿಸುವುದು 1951–1980ರ ಸರಾಸರಿಗೆ, ಸಂಸ್ಥೆ 1850–1900ಕ್ಕೆ. ಅಳೆಯಲು ಶುರು ಮಾಡುವ ಗೆರೆಯೇ ಬೇರೆ, ಅಲ್ವಾ? ಎಂಟನೇ ತರಗತಿಗೆ ಇದನ್ನು ಸರಳವಾಗಿ ಹೇಳುವ ದಾರಿ ಇದ್ದರೆ ತಿಳಿಸಿ.

ಇನ್ನೊಂದು ಮುಖ್ಯ ಕೋರಿಕೆ. "ನಮ್ಮೂರಿನ ಗೆರೆ ಎಲ್ಲಿ ಸರ್?" ಎಂದು ಮಕ್ಕಳು ದಿನಾ ಕೇಳುತ್ತಾರೆ. ವಿಜಯಪುರದ ಏಪ್ರಿಲ್, ಮೇ ತಿಂಗಳ ಗರಿಷ್ಠ ತಾಪಮಾನದ ಹಳೆಯ ದಾಖಲೆ ಯಾರ ಬಳಿಯಾದರೂ ಇದೆಯಾ? ಬರೆದಿಟ್ಟ ಡೈರಿಯಾದರೂ ಸರಿ, ಫೋಟೋ ತೆಗೆದು ಇಲ್ಲೇ ಹಾಕಿ.