ಸಹಾಯ ಬೇಕು: ರೀಸನಿಂಗ್ ಪಜಲ್‌ಗೆ ಸಮಯ ಸಾಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಐಬಿಪಿಎಸ್ ಕ್ಲರ್ಕ್ ಪ್ರಿಲಿಮ್ಸ್‌ಗೆ (ಬ್ಯಾಂಕ್ ಕ್ಲರ್ಕ್ ಕೆಲಸದ ಮೊದಲ ಹಂತದ ಪರೀಕ್ಷೆ) ತಯಾರಿ ನಡೆಸಿದ್ದೇನೆ. ರೀಸನಿಂಗ್‌ನಲ್ಲಿ, ಅಂದರೆ ತರ್ಕದ ವಿಭಾಗದಲ್ಲಿ, 35 ಪ್ರಶ್ನೆಗೆ 20 ನಿಮಿಷ ಅಷ್ಟೇ. ರಕ್ತಸಂಬಂಧ, ದಿಕ್ಕು, ಕೋಡಿಂಗ್ (ಪದಗಳ ಸಂಕೇತ ಬಿಡಿಸುವುದು) ಪ್ರಶ್ನೆಗಳು ಬೇಗ ಮುಗಿಯುತ್ತವೆ. ಕಷ್ಟ ಆಗುತ್ತಿರುವುದು ಪಜಲ್, ಅದರಲ್ಲೂ ದುಂಡು ಮೇಜಿನ ಸುತ್ತ ಕೂತ ಎಂಟು ಜನರಲ್ಲಿ ಯಾರು ಎಲ್ಲಿದ್ದಾರೆ ಅಂತ ಸುಳಿವುಗಳಿಂದ ಕಂಡುಹಿಡಿಯುವಂಥದ್ದು.

ಎಲ್ಲರೂ ಒಳಗೆ ಮುಖ ಮಾಡಿದ್ದರೆ ತೊಂದರೆ ಇಲ್ಲ. ಬಲಗಡೆ ಅಂದರೆ ಗಡಿಯಾರದ ವಿರುದ್ಧ ದಿಕ್ಕು. ಹೊರಗೆ ಮುಖ ಮಾಡಿದವರಿಗೆ ಇದು ಉಲ್ಟಾ, ಅಲ್ವಾ? ಎರಡೂ ಥರದವರು ಮಿಕ್ಸ್ ಆಗಿದ್ದು, 'ಬಿ ಎಂಬವನ ಪಕ್ಕದ ಇಬ್ಬರ ಮುಖ ಬೇರೆ ಬೇರೆ ದಿಕ್ಕಿಗಿದೆ' ಎಂಬ ಸುಳಿವು ಬಂದರೆ ಎರಡು ಮೂರು ಚಿತ್ರ ಬರೆಯಬೇಕಾಗುತ್ತದೆ. ನೀವು ಎಲ್ಲ ಚಿತ್ರಗಳನ್ನೂ ಒಟ್ಟಿಗೆ ತುಂಬುತ್ತಾ ಹೋಗುತ್ತೀರಾ, ಇಲ್ಲ ಒಂದನ್ನೇ ಹಿಡಿದು ತಪ್ಪು ಅಂತ ಗೊತ್ತಾದ ಮೇಲೆ ಇನ್ನೊಂದಕ್ಕೆ ಬರುತ್ತೀರಾ?

ಇನ್ನೊಂದು ಪ್ರಶ್ನೆ. ಪಜಲ್ ಅರ್ಧದಲ್ಲಿ ನಿಂತರೆ ಯಾವಾಗ ಕೈಬಿಡಬೇಕು? ಒಂದೇ ಪಜಲ್ ಮೇಲೆ ಹಲವು ಪ್ರಶ್ನೆ ಇರುವುದರಿಂದ, ಬಿಟ್ಟರೆ ಒಂದೇ ಸಲ ನಾಲ್ಕೈದು ಅಂಕ ಹೋಗುತ್ತದೆ. ಸುಮ್ನೆ ಊಹಿಸಿದರೆ ಪ್ರತಿ ತಪ್ಪಿಗೂ ಕಾಲು ಅಂಕ ಕಟ್.

ಶಾರ್ಟ್‌ಕಟ್ ವಿಡಿಯೊ ಲಿಂಕ್ ದಯವಿಟ್ಟು ಬೇಡ. ಅವುಗಳಲ್ಲಿ ಸುಲಭದ ಲೆಕ್ಕಗಳೇ ಜಾಸ್ತಿ. ನಾನು ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯುವವನು. ಕನ್ನಡದಲ್ಲಿ ಇಂಥ ಪಜಲ್‌ಗಳ ಪಿಡಿಎಫ್ ಯಾರ ಹತ್ತಿರ ಇದ್ದರೂ ಇಲ್ಲೇ ಹಾಕಿ. ರಾತ್ರಿ ಒಟ್ಟಿಗೆ ಟೈಮರ್ ಇಟ್ಟು ಬಿಡಿಸುವವರು ಇದ್ದರೆ ನನ್ನನ್ನೂ ಸೇರಿಸಿಕೊಳ್ಳಿ.