ಮ್ಯಾಪ್‌ನಲ್ಲಿ ಕೀ ಕಣ್ಣಿಗೆ ಕಾಣ್ತಿದೆ, ಗೆಟ್ ಮಾಡಿದ್ರೆ (ಹುಡುಕಿದ್ರೆ) ನಲ್, ಅಂದ್ರೆ ಖಾಲಿ. ನಿಮಗೂ ಹಿಂಗೆ ಆಗಿದ್ಯಾ?

ಜಾವಾದಲ್ಲಿ ಬಸ್ ಟಿಕೆಟ್ ದರ ನೋಡೋ ಒಂದು ಚಿಕ್ಕ ಪ್ರೋಗ್ರಾಂ ಬರೀತಿದೀನಿ. ಹತ್ತೋ ಊರು, ಇಳಿಯೋ ಊರು ಎರಡನ್ನೂ ಒಂದು ಕ್ಲಾಸ್‌ಗೆ ಹಾಕಿ ಅದನ್ನೇ ಹ್ಯಾಶ್‌ಮ್ಯಾಪ್‌ಗೆ ಕೀ ಮಾಡ್ಕೊಂಡಿದೀನಿ, ವ್ಯಾಲ್ಯೂ ಅಂದ್ರೆ ದರ, ಕೀ ಕೊಟ್ರೆ ಮ್ಯಾಪ್ ವ್ಯಾಲ್ಯೂ ಕೊಡ್ಬೇಕು. ಕೆಲವು ಜೋಡಿಗೆ ದರ ಸರಿಯಾಗಿ ಬರ್ತದೆ, ಕೆಲವಕ್ಕೆ ನಲ್. ಡಿಬಗರ್‌ನಲ್ಲಿ ಮ್ಯಾಪ್ ಬಿಚ್ಚಿ ನೋಡಿದ್ರೆ ಆ ಕೀ ಅಲ್ಲೇ ಕೂತಿದೆ! ಎರಡು ದಿನದಿಂದ ತಲೆ ಕೆಟ್ಟಿದೆ, ಅನುಭವ ಇರೋರು ಹೇಳಿ.

* * *

ಮೊದಲು ಕೀ ಇದ್ಯಾ ಅಂತ ಹೇಳೋ ಕಂಟೇನ್ಸ್‌ಕೀ ಹಾಕಿ ನೋಡಿ. ಗೆಟ್ ನಲ್ ಕೊಟ್ರೆ ಕೀ ಸಿಗಲಿಲ್ಲ ಅಂತಾನೂ ಆಗಬಹುದು, ಕೀ ಸಿಕ್ಕಿ ವ್ಯಾಲ್ಯೂನೇ ನಲ್ ಅಂತಾನೂ ಆಗಬಹುದು. ಆಮೇಲೆ ಎರಡು ಕೀ ಒಂದೇನಾ ಅಂತ ಹೇಳೋ ಈಕ್ವಲ್ಸ್ ಹೆಂಗೆ ಬರೆದಿದೀರ? ನಾನೊಂದ್ಸಲ ಪ್ಯಾರಾಮೀಟರ್‌ಗೆ ಆಬ್ಜೆಕ್ಟ್ ಅನ್ನೋ ಬದಲು ನನ್ನ ಕ್ಲಾಸ್ ಹೆಸರೇ ಹಾಕಿಬಿಟ್ಟಿದ್ದೆ, ಅದು ಓವರ್‌ರೈಡ್ ಆಗಲ್ಲ (ಮೂಲದ್ದರ ಜಾಗಕ್ಕೆ ಬರಲ್ಲ), ಬರೀ ಓವರ್‌ಲೋಡ್ (ಅದೇ ಹೆಸರಿನ ಇನ್ನೊಂದು), ಮ್ಯಾಪ್ ಅದನ್ನ ತಿರುಗಿ ಕೂಡ ನೋಡಲ್ಲ. ಮೇಲೆ ಓವರ್‌ರೈಡ್ ಅನೋಟೇಶನ್ ಹಾಕಿದ್ರೆ ಕಂಪೈಲರ್ರೇ ಬೈದು ಹೇಳ್ತಿತ್ತು, ಆ ಒಂದು ಸಾಲಿಗೆ ಸೋಮಾರಿತನ ಮಾಡಿದ್ದಕ್ಕೆ ಒಂದು ಶನಿವಾರ ಹೋಯ್ತು. ಕೀಯಿಂದ ಹ್ಯಾಶ್ ಅನ್ನೋ ನಂಬರು ಲೆಕ್ಕ ಹಾಕೋ ಹ್ಯಾಶ್‌ಕೋಡ್ ಬರೀದೆ ಬರೀ ಈಕ್ವಲ್ಸ್ ಬರೆದ್ರೂ ಅದೇ ಗತಿ.

* * *

ಕೆಲವಕ್ಕೆ ಬರ್ತದೆ ಕೆಲವಕ್ಕೆ ಇಲ್ಲ ಅಂದ್ರೆ ನನಗೆ ಅನುಮಾನ ಬೇರೆ ಕಡೆ. ಕೀಗೆ ಸೆಟರ್, ಅಂದ್ರೆ ಒಳಗಿನ ಹೆಸರು ಬದಲಾಯಿಸೋ ದಾರಿ, ಇದ್ಯಾ? ಪುಟ್ ಮಾಡಿದ ಮೇಲೆ ಎಲ್ಲೋ ಒಂದು ಕಡೆ ಯಾರಾದ್ರೂ ಊರಿನ ಹೆಸರು ತಿದ್ದಿದ್ರೆ ಕಥೆ ಮುಗೀತು. ದೇವಸ್ಥಾನದ ಚಪ್ಪಲಿ ಸ್ಟ್ಯಾಂಡ್ ನೆನೆಸ್ಕೊಳಿ, ಚಪ್ಪಲಿ 12ನೇ ಗೂಡಲ್ಲಿದೆ, ನೀವು 40ರ ಟೋಕನ್ ಹಿಡ್ಕೊಂಡು ನಿಂತಿದೀರ. ಪುಟ್ ಮಾಡೋವಾಗ ಲೆಕ್ಕ ಹಾಕಿದ ಹ್ಯಾಶ್ ನಂಬರನ್ನ ಹ್ಯಾಶ್‌ಮ್ಯಾಪ್ ಎಂಟ್ರಿ ಜೊತೆಗೇ ಬರೆದಿಟ್ಕೊಂಡಿರ್ತದೆ, ಕೀ ಆಮೇಲೆ ಬದಲಾದ್ರೆ ಅದಕ್ಕೆ ಗೊತ್ತಾಗೋದಿಲ್ಲ. ಶುರುವಲ್ಲಿ ಇರೋದೇ 16 ಬಕೆಟ್ (ಗೂಡು), ಹಂಗಾಗಿ ಹೊಸ ಹ್ಯಾಶ್ ಅದೃಷ್ಟಕ್ಕೆ ಅದೇ ಬಕೆಟ್‌ಗೆ ಬರಬಹುದು, ಬಂದ್ರೂ ಹಳೇ ನಂಬರು ಹೊಸ ನಂಬರು ತಾಳೆ ಆಗಲ್ಲ ಅಂತ ಈಕ್ವಲ್ಸ್ ಕರಿಯೋದೇ ಇಲ್ಲ. ಮ್ಯಾಪ್ ಬೆಳೆದು ರೀಸೈಜ್ ಆದಾಗ ಸರಿಹೋಗ್ತದೆ ಅಂದ್ಕೋಬೇಡಿ, ಆಗ್ಲೂ ಆ ಹಳೇ ನಂಬರೇ ಬಳಸೋದು. ಲೂಪ್ ಹಾಕಿದ್ರೆ ಎಂಟ್ರಿ ಕಾಣ್ತದೆ, ಸೈಜ್‌ನಲ್ಲೂ ಲೆಕ್ಕಕ್ಕೆ ಬರ್ತದೆ, ಗೆಟ್ ಮಾಡಿದ್ರೆ ಮಾತ್ರ ಇಲ್ಲ, ರಿಮೂವ್ ಕೂಡ ಆಗಲ್ಲ. ಹೈಬರ್ನೇಟ್ (ಜಾವಾ ಆಬ್ಜೆಕ್ಟನ್ನ ಡೇಟಾಬೇಸ್‌ಗೆ ಸೇವ್ ಮಾಡೋ ಲೈಬ್ರರಿ) ಎಂಟಿಟೀನ ಕೀ ಮಾಡಿ, ಹ್ಯಾಶ್‌ಕೋಡ್‌ನಲ್ಲಿ ಐಡಿ ಬಳಸಿ, ಸೇವ್ ಆದಾಗ ಐಡಿ ತುಂಬ್ಕೊಂಡು ಇದೇ ಪಾಡು ಪಟ್ಟಿದೀನಿ. ಜಾವಾ 16ರಿಂದ ರೆಕಾರ್ಡ್ ಅನ್ನೋ ಬದಲಾಗದ ಕ್ಲಾಸ್ ಇದೆಯಲ್ಲ, ಕೀಗೆ ಅದನ್ನೇ ಬಳಸಿ, ಈಕ್ವಲ್ಸು ಹ್ಯಾಶ್‌ಕೋಡು ಅದೇ ಕೊಡ್ತದೆ, ಸೆಟರ್ ಕಾಟಾನೂ ಇಲ್ಲ.

* * *

ಕೀ ಲಾಂಗ್ (ದೊಡ್ಡ ಪೂರ್ಣಾಂಕದ ಟೈಪ್) ಇದ್ದು ಗೆಟ್‌ಗೆ ಸುಮ್ನೆ 1 ಅಂತ ಕೊಟ್ಟಿದ್ರೂ ನಲ್ಲೇ, ಅದು ಇಂಟಿಜರ್ ಅನ್ನೋ ಬೇರೆ ಟೈಪ್ ಆಗಿಹೋಗ್ತದೆ. ಗೆಟ್ ಯಾವ ಆಬ್ಜೆಕ್ಟ್ ಕೊಟ್ರೂ ತಗೊಳ್ತದೆ, ಕಂಪೈಲರ್ ತುಟಿ ಪಿಟಿಕ್ ಅನ್ನಲ್ಲ. ನಿಮ್ಮದು ಊರ ಹೆಸರು, ಅಂದ್ರೆ ಸ್ಟ್ರಿಂಗ್ (ಅಕ್ಷರಗಳ ಸಾಲು), ಆದ್ರೂ ಹೇಳಿದೆ.

* * *

ಪ್ರಶ್ನೆ ಕೇಳಿದವನೇ. ರೆಕಾರ್ಡೇ ಬಳಸ್ತಿರೋದು, ಸೆಟರ್ ಇಲ್ಲ. ಹೆಸರಿನ ಹಿಂದೆ ಮುಂದಿನ ಖಾಲಿ ಜಾಗ ಟ್ರಿಮ್ ಕೂಡ ಮಾಡಿದೀನಿ. ಕಂಟೇನ್ಸ್‌ಕೀ ಫಾಲ್ಸ್ ಬರ್ತಿದೆ. ಹಾಸನ–ಮಂಡ್ಯ ಬರ್ತದೆ, ಬೆಂಗಳೂರು–ತುಮಕೂರು ಬರ್ತದೆ. ಕೋಲಾರ, ಮೈಸೂರು, ಬೇಲೂರು, ಕೊಪ್ಪಳ ಇದ್ರೆ ನಲ್. ಪಟ್ಟಿ ನೋಡಿ ನೋಡಿ ಸಾಕಾಯ್ತು, ಏನೂ ಹೊಳೀತಿಲ್ಲ.

* * *

ಈ ಪಟ್ಟೀಲೇ ಉತ್ತರ ಇದೆ ಸಾರ್! ನಲ್ ಬರ್ತಿರೋ ಊರುಗಳನ್ನ ಜೋರಾಗಿ ಓದಿ: ಕೋ, ಮೈ, ಬೇ, ಕೊ. ಕನ್ನಡದ ಈ ಸ್ವರಚಿಹ್ನೆಗಳನ್ನ ಯೂನಿಕೋಡ್‌ನಲ್ಲಿ ಒಂದೇ ಅಕ್ಷರವಾಗೂ ಬರೀಬಹುದು, ಬಿಡಿಸಿ ಎರಡು ಮೂರು ತುಂಡಾಗೂ ಬರೀಬಹುದು, ಸ್ಕ್ರೀನ್ ಮೇಲೆ ಮಾತ್ರ ಎರಡೂ ಒಂದೇ ಥರ. ಕೋಲಾರ ಅನ್ನೋದಕ್ಕೆ ಲೆಂಗ್ತ್ ಪ್ರಿಂಟ್ ಮಾಡಿ, ಒಂದು ಕಡೆ 5, ಇನ್ನೊಂದು ಕಡೆ 7 ಬಂದ್ರೆ ಸಿಕ್ಕಿಬಿತ್ತು ಅಂತ ಅರ್ಥ, ಯಾಕಂದ್ರೆ ಓ ಚಿಹ್ನೆ ಬಿಡಿಸಿದ್ರೆ ಮೂರು ತುಂಡು. ಮೈಸೂರು 6ರಿಂದ 7 ಆಗ್ತದೆ. ಹಾಸನ, ಬೆಂಗಳೂರು ಹೇಗೆ ಬರೆದ್ರೂ ಅದೇ, ಬಿಡಿಸೋಕೆ ಏನಿಲ್ಲ. ಜಾವಾ ಸ್ಟ್ರಿಂಗ್‌ನ ಈಕ್ವಲ್ಸ್ ನೋಡೋದು ಕೋಡ್‌ನ, ಕಣ್ಣಿಗೆ ಕಾಣೋ ರೂಪಾನ ಅಲ್ಲ, ಹಂಗಾಗಿ ಹ್ಯಾಶೂ ಬೇರೆ. ಊರ ಹೆಸರು ಎಲ್ಲಿಂದ ತಗೊಂಡ್ರಿ? ಹಳೇ ಮ್ಯಾಕ್‌ನಲ್ಲಿಟ್ಟ ಫೈಲ್ ಹೆಸರಾಗಿದ್ರೆ ಅನುಮಾನಾನೇ ಬೇಡ, ಆ ಕಾಲದ ಫೈಲ್ ಸಿಸ್ಟಮ್ ಹೆಸರನ್ನ ಹಿಂಗೆ ಬಿಡಿಸೇ ಇಡ್ತಿತ್ತು. ನಾರ್ಮಲೈಜರ್ ಅಂತ ಕ್ಲಾಸ್ ಜಾವಾದಲ್ಲೇ ಇದೆ, ಎನ್‌ಎಫ್‌ಸಿ (ತುಂಡುಗಳನ್ನ ಒಂದಾಗಿ ಸೇರಿಸಿದ) ರೂಪಕ್ಕೆ ತನ್ನಿ, ಅದನ್ನ ರೆಕಾರ್ಡ್ ಹುಟ್ಟಿಸೋ ಕನ್‌ಸ್ಟ್ರಕ್ಟರ್ ಒಳಗೇ ಮಾಡಿ, ಆಗ ಪುಟ್‌ಗೂ ಗೆಟ್‌ಗೂ ಒಂದೇ ದಾರಿ. ಕಣ್ಣಿಗೆ ಕಾಣದ ಜೋಡಕ್ಷರ ತಡೆಯೋ ಕ್ಯಾರೆಕ್ಟರ್ ಒಳಗೆ ಸೇರಿದ್ರೆ ಮಾತ್ರ ಎನ್‌ಎಫ್‌ಸಿ ಅದನ್ನ ತೆಗಿಯಲ್ಲ, ಅದನ್ನ ನೀವೇ ರಿಪ್ಲೇಸ್ ಮಾಡ್ಬೇಕು.

* * *

ಗುರುಗಳೇ, 7 ಬಂತು!! ದರದ ಶೀಟ್‌ಗಳು ಊರಿಗೊಂದು ಫೈಲ್ ಇದ್ವು, ಹಳೇ ಮ್ಯಾಕ್‌ನಿಂದ ಜಿಪ್ ಮಾಡಿ ಕಳಿಸಿದ್ದು, ನಾನು ಫೈಲ್ ಹೆಸರನ್ನೇ ಊರ ಹೆಸರು ಅಂತ ತಗೊಂಡಿದ್ದೆ. ಕನ್‌ಸ್ಟ್ರಕ್ಟರ್‌ನಲ್ಲಿ ಒಂದು ಸಾಲು ಹಾಕಿದೆ, ಎಲ್ಲಾ ಊರೂ ಬಂದ್ವು, ಒಂದು ಬಿಟ್ಟು. ಫೈಲ್ ಹೆಸರು ಶಿಮೊಗ್ಗ, ನಾನು ಹುಡುಕ್ತಿರೋದು ಶಿವಮೊಗ್ಗ. ಅದನ್ನ ಕೈಯಲ್ಲೇ ತಿದ್ದಿದೆ.